ತಾಮ್ರಕಣಿವೆಗೆ ರೈಲು ಬಂದ ಕಥೆ



ಮೆಕ್ಸಿಕೊ ದೇಶದ ಭೂಪಟವನ್ನು ಒಮ್ಮೆ ಬಿಡಿಸಿ ನೋಡಿ. ವಾಯವ್ಯ ಭಾಗದಲ್ಲಿ, ಕಡಲ ಅಂಚಿನ ಉದ್ದಕ್ಕೂ ಕಂದುಬಣ್ಣದ ದಪ್ಪ ಪಟ್ಟಿಯೊಂದು ಕಾಣುತ್ತದೆ. ಅದು ಪಶ್ಚಿಮ ಸಿಯೆರಾ ಮಾದ್ರೆ ಪರ್ವತಶ್ರೇಣಿ. ಆ ಪಟ್ಟಿಯನ್ನು ಅಡ್ಡಲಾಗಿ ದಾಟುವ ಒಂದು ರೈಲುಮಾರ್ಗವಿದೆ. ಕರಾವಳಿಯ ಲೋಸ್ ಮೋಚಿಸ್ ಪಟ್ಟಣದಿಂದ ಹೊರಟು, ಸುಮಾರು 2,400 ಮೀಟರ್ ಎತ್ತರಕ್ಕೇರಿ, ಒಳನಾಡಿನ ಚಿವಾವಾ ನಗರವನ್ನು ಸೇರುವ ಈ ದಾರಿಯ ಉದ್ದ 653 ಕಿ.ಮೀ. ದಾರಿಯಲ್ಲಿ 86 ಸುರಂಗಗಳು, 37 ಸೇತುವೆಗಳು. ಚಿವಾವಾ ಮತ್ತು ಪೆಸಿಫಿಕ್ ಎಂಬ ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಅಲ್ಲಿಯ ಜನ ಈ ರೈಲನ್ನು ಪ್ರೀತಿಯಿಂದ 'ಚೆಪೆ' ಎನ್ನುತ್ತಾರೆ.

ಇಂದು ಈ ರೈಲನ್ನು ಪ್ರಪಂಚ ಬಲ್ಲದ್ದು ಪ್ರವಾಸಿಗರ ರೈಲು ಎಂದು. ಮಾರ್ಗದರ್ಶಿಗಳೊಡನೆ ಬರುವ ಗುಂಪುಗಳು ಕಿಟಕಿಯಿಂದ ಕಣಿವೆಗಳನ್ನು ನೋಡುತ್ತವೆ, ನಿಲ್ದಾಣಗಳಲ್ಲಿ ಇಳಿದು ಕಾಡಿನಲ್ಲಿ ನಡೆಯುತ್ತವೆ, ಹಕ್ಕಿಗಳನ್ನು ಗುರುತಿಸುತ್ತವೆ. ಆದರೆ ಇದನ್ನು ಕಟ್ಟಿದ್ದು ಪ್ರವಾಸಿಗರಿಗಾಗಿ ಅಲ್ಲ. ಈ ದಾರಿಯ ಕನಸು ಮೊಳೆತದ್ದು 1872ರಲ್ಲಿ. ಕೆಲಸ ಮುಗಿದದ್ದು 1961ರಲ್ಲಿ. ನಡುವೆ 89 ವರ್ಷಗಳು! ಇಷ್ಟು ಕಾಲ ಏಕೆ ಹಿಡಿಯಿತು? ಮತ್ತು ಈ ರೈಲು ಬಂದದ್ದು ಯಾರಿಗಾಗಿ? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ನಾವು ಈ ಪ್ರಯಾಣವನ್ನು ಆರಂಭಿಸೋಣ.

ಬೂದಿಯಿಂದ ಆದ ಬೆಟ್ಟ

ಮೊದಲು ನೆಲದ ಕಥೆ. ಸುಮಾರು ನಾಲ್ಕು ಕೋಟಿ ವರ್ಷಗಳಿಂದ ಎರಡು ಕೋಟಿ ವರ್ಷಗಳ ಹಿಂದಿನವರೆಗೆ ಈ ಪ್ರದೇಶದಲ್ಲಿ ಭಾರಿ ಜ್ವಾಲಾಮುಖಿಗಳು ಸಿಡಿದವು. ಇಲ್ಲಿ ಕಲ್ಲಾದದ್ದು ಬಹುಮಟ್ಟಿಗೆ ಹರಿಯುವ ಲಾವಾ ಅಲ್ಲ, ಕಾದ ಬೂದಿ. ಪದರದ ಮೇಲೆ ಪದರವಾಗಿ ಬಿದ್ದ ಬೂದಿ ತನ್ನದೇ ಬಿಸಿಗೆ ಬೆಸೆದುಕೊಂಡು ಕಲ್ಲಾಯಿತು. ಮುಂದೆ ನದಿಗಳು ಈ ಕಲ್ಲನ್ನು ಕೊರೆದು ಕೊರೆದು ಆಳಕ್ಕೆ ಇಳಿದವು. ಹೀಗೆ ಆದ ಆರು ದೊಡ್ಡ ಕಣಿವೆಗಳ ಸಮೂಹಕ್ಕೆ ಒಟ್ಟಾಗಿ ತಾಮ್ರಕಣಿವೆ ಎಂದು ಹೆಸರು. ಇವುಗಳಲ್ಲಿ ಉರಿಕೆ ನದಿಯ ಕಣಿವೆ ಸುಮಾರು 1,870 ಮೀಟರ್ ಆಳ. ಅಮೆರಿಕದ ಪ್ರಸಿದ್ಧ ಗ್ರ್ಯಾಂಡ್ ಕ್ಯಾನಿಯನ್‌ಗಿಂತಲೂ ತುಸು ಹೆಚ್ಚೇ.

ಆಳ ಎಂದರೆ ಇಲ್ಲಿ ಹವಾಮಾನವೂ ಹೌದು. ಮೇಲಿನ ಅಂಚಿನಲ್ಲಿ ಪೈನ್ ಮತ್ತು ಓಕ್ ಮರಗಳ ಕಾಡು. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಅದೇ ದಿನ ಕಣಿವೆಯ ತಳಕ್ಕೆ ಇಳಿದರೆ ಬೆಚ್ಚನೆಯ ಗಾಳಿ, ಕಿತ್ತಳೆ ಮತ್ತು ಮಾವಿನ ತೋಪು. ಮಾವು ಅಲ್ಲಿಗೆ ಹೇಗೆ ಹೋಯಿತು ಎನ್ನುತ್ತೀರಾ? 1565ರಿಂದ 1815ರವರೆಗೆ ಸ್ಪೇನಿನ ಹಡಗುಗಳು ಫಿಲಿಪೀನ್ಸಿನ ಮನಿಲಾದಿಂದ ಮೆಕ್ಸಿಕೊದ ಅಕಾಪುಲ್ಕೊಗೆ ಓಡಾಡುತ್ತಿದ್ದವು. ಭಾರತದ ಸೀಮೆಯ ಮಾವು ಪೂರ್ವದೇಶಗಳನ್ನು ದಾಟಿ ಹೋದ ದಾರಿ ಅದು; ಮೆಕ್ಸಿಕೊದ ಒಂದು ಮಾವಿನ ತಳಿಗೆ ಇಂದಿಗೂ 'ಮನಿಲಾ' ಎಂದೇ ಹೆಸರು. ಇದಕ್ಕೆ ಪ್ರತಿಯಾಗಿ ಮೆಕ್ಸಿಕೊದ ನೆಲದ ಮೆಕ್ಕೆಜೋಳ ಮತ್ತು ಮೆಣಸಿನಕಾಯಿ ನಮ್ಮ ಹೊಲಗಳಿಗೆ ಬಂದವು. ಬ್ಯಾಡಗಿಯ ಕೆಂಪು ಮೆಣಸಿನಕಾಯಿಯ ಪೂರ್ವಜರು ಆ ದೇಶದವರೇ.

ಕಣಿವೆಯ ಮಕ್ಕಳು

ಈ ನೆಲದ ಮೂಲನಿವಾಸಿಗಳು ರರಾಮುರಿ ಜನ. ಹೊರಗಿನವರು ಅವರನ್ನು ತಾರಾಹುಮಾರಾ ಎನ್ನುತ್ತಾರೆ. 2020ರ ಜನಗಣತಿಯಂತೆ ಅವರ ಭಾಷೆಯನ್ನು ಆಡುವವರು ಸುಮಾರು 90 ಸಾವಿರ. 17ನೆಯ ಶತಮಾನದಲ್ಲಿ ಸ್ಪೇನಿನವರು ಬೆಳ್ಳಿಯ ಗಣಿಗಳನ್ನು ಹುಡುಕುತ್ತಾ ಬಂದರು. ಅವರೊಡನೆ ಜೆಸ್ಯುಟ್ ಪಾದ್ರಿಗಳೂ ಬಂದರು. ಗಣಿಗಳಲ್ಲಿ ದುಡಿಸಿಕೊಳ್ಳುವುದನ್ನು ವಿರೋಧಿಸಿ ರರಾಮುರಿಗಳು ಆ ಶತಮಾನದಲ್ಲಿ ಹಲವು ಬಾರಿ ದಂಗೆ ಎದ್ದರು. ದಂಗೆಗಳು ಅಡಗಿದ ಮೇಲೆ ಅನೇಕರು ಇನ್ನೂ ದುರ್ಗಮವಾದ ಕಡೆಗಳಿಗೆ ಸರಿದರು. ಅವರಿಗೆ ಕಣಿವೆಯೇ ಕೋಟೆಯಾಯಿತು. ಕುದುರೆ ಹತ್ತಲಾರದ ಕಡೆ ಅವರ ಕಾಲು ಹತ್ತುತ್ತಿತ್ತು.

ಆ ಕಾಲುಗಳ ಶಕ್ತಿ ಎಂಥದು! ಮರದ ಚೆಂಡನ್ನು ಕಾಲಿನಿಂದ ಚಿಮ್ಮುತ್ತಾ, ಗುಡ್ಡ ಹಳ್ಳಗಳ ಮೇಲೆ ಹಗಲು ರಾತ್ರಿ ಓಡುವುದು ಅವರ ಸಾಂಪ್ರದಾಯಿಕ ಆಟ. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಇಬ್ಬರು ರರಾಮುರಿಗಳು ಓಡಿದರು. 1993ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ನಡೆದ 161 ಕಿ.ಮೀ. ಪರ್ವತ ಓಟವನ್ನು ಗೆದ್ದವರು 55 ವರ್ಷದ ರರಾಮುರಿ ರೈತ ವಿಕ್ಟೊರಿಯಾನೊ ಚುರೊ. 2017ರಲ್ಲಿ ಲೊರೆನಾ ರಮಿರೆಜ್ ಎಂಬ ತರುಣಿ ಲಂಗ ಉಟ್ಟು, ಸಾಧಾರಣ ಚಪ್ಪಲಿ ಮೆಟ್ಟಿ 50 ಕಿ.ಮೀ. ಓಟದಲ್ಲಿ ಮೊದಲಿಗಳಾದಳು. ರೈಲು ಬರುವ ಮೊದಲು ಈ ಕಣಿವೆಗಳಲ್ಲಿ ಸುದ್ದಿಯೂ ಸರಕೂ ಸಾಗುತ್ತಿದ್ದುದು ಇಂಥ ಕಾಲುಗಳ ಮೇಲೆ ಮತ್ತು ಹೇಸರಗತ್ತೆಗಳ ಬೆನ್ನಮೇಲೆ.

ಭೂಪಟದ ಮೇಲಿನ ಗೆರೆ

1872ರಲ್ಲಿ ಆಲ್ಬರ್ಟ್ ಕಿಮ್ಸಿ ಓವೆನ್ ಎಂಬ ಅಮೆರಿಕದ ಯುವ ಇಂಜಿನಿಯರ್ ಪೆಸಿಫಿಕ್ ತೀರದ ಟೊಪೊಲೊಬಾಂಪೊ ಕೊಲ್ಲಿಯನ್ನು ಕಂಡ. ಆಳವಾದ, ಅಲೆಗಳಿಂದ ರಕ್ಷಣೆಯಿದ್ದ ಆ ಕೊಲ್ಲಿ ಅವನ ಕಣ್ಣಿಗೆ ಮುಂದಿನ ಮಹಾಬಂದರಾಗಿ ತೋರಿತು. ಅಮೆರಿಕದಿಂದ ಅಲ್ಲಿಗೆ ರೈಲು ಹಾಕಿದರೆ ಏಷ್ಯಾದ ವ್ಯಾಪಾರವೆಲ್ಲ ಆ ದಾರಿಯಲ್ಲೇ ಹರಿಯುತ್ತದೆ ಎಂದು ಅವನ ಲೆಕ್ಕ. ಅಷ್ಟೇ ಅಲ್ಲ, ಹಣದ ಬದಲು ದುಡಿಮೆಯನ್ನೇ ಲೆಕ್ಕಹಿಡಿಯುವ ಒಂದು ಸಮಾನತೆಯ ನಗರವನ್ನು ಅಲ್ಲಿ ಕಟ್ಟಬೇಕೆಂದು ಅವನ ಆಸೆ. 1886ರಲ್ಲಿ ಮೊದಲ ವಲಸೆಗಾರರು ಬಂದಿಳಿದರು. ಕುಡಿಯುವ ನೀರಿನ ಕೊರತೆ, ಸಿಡುಬು, ಒಳಜಗಳ ಇವೆಲ್ಲ ಸೇರಿ ಹತ್ತು ವರ್ಷದೊಳಗೆ ಆ ನಗರದ ಕನಸು ಮುರಿದುಬಿತ್ತು. 1916ರಲ್ಲಿ ಓವೆನ್ ತೀರಿಕೊಂಡಾಗ ಅವನ ರೈಲು ಪರ್ವತ ದಾಟಿರಲಿಲ್ಲ.

ಎರಡನೆಯವನು ಆರ್ಥರ್ ಸ್ಟಿಲ್‌ವೆಲ್, ಕಾನ್ಸಾಸ್ ಸಿಟಿಯ ರೈಲು ಉದ್ಯಮಿ. ಸ್ಯಾನ್‌ಫ್ರಾನ್ಸಿಸ್ಕೊಗೆ ಹೋಗುವುದಕ್ಕಿಂತ ಟೊಪೊಲೊಬಾಂಪೊಗೆ ಹೋದರೆ ಕಡಲು ಸುಮಾರು 640 ಕಿ.ಮೀ. ಹತ್ತಿರ ಎಂಬ ಒಂದೇ ಅಂಕಿಯ ಮೇಲೆ ಅವನು 1900ರಲ್ಲಿ ಕಂಪನಿ ಕಟ್ಟಿದ. ಚಿವಾವಾದ ಸಿರಿವಂತ ರಾಜಕಾರಣಿ ಎನ್ರಿಕೆ ಕ್ರೀಲ್ ಈ ಉದ್ಯಮಕ್ಕೆ ನೆರವಾದ. 1907ರಲ್ಲಿ ಹಳಿಗಳು ಪರ್ವತದ ನೆತ್ತಿಯ ಒಂದು ಹಳ್ಳಿಯನ್ನು ಮುಟ್ಟಿದವು. ಆ ಊರಿಗೆ ಇಂದಿಗೂ ಕ್ರೀಲ್ ಎಂದೇ ಹೆಸರು. ಅತ್ತ ಕರಾವಳಿಯ ಕಡೆಯಿಂದಲೂ ಒಂದಿಷ್ಟು ಹಳಿ ಬಂತು. ನಡುವೆ ಉಳಿದದ್ದು ಸುಮಾರು 250 ಕಿ.ಮೀ. ಕಣಿವೆ ಮಾತ್ರ. ಅಷ್ಟರಲ್ಲಿ 1910ರಲ್ಲಿ ಮೆಕ್ಸಿಕೊದ ಕ್ರಾಂತಿ ಸ್ಫೋಟಿಸಿತು. 1912ರಲ್ಲಿ ಕಂಪನಿ ದಿವಾಳಿಯಾಯಿತು. 1914ರಲ್ಲಿ ಪನಾಮಾ ಕಾಲುವೆ ತೆರೆದು, ಕಡಲಿಗೆ ಹತ್ತಿರದ ದಾರಿ ಎಂಬ ಲೆಕ್ಕವೇ ತಲೆಕೆಳಗಾಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ 1940ರಲ್ಲಿ ಮೆಕ್ಸಿಕೊ ಸರ್ಕಾರ ಈ ಅರ್ಧ ದಾರಿಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಈಗ ಗುರಿ ಬೇರೆಯಾಗಿತ್ತು. ವಿದೇಶಿ ಕಂಪನಿಯ ಲಾಭ ಹಿಂದೆ ಸರಿದು, ದೇಶದ ಒಳನಾಡನ್ನು ತನ್ನದೇ ಕಡಲಿಗೆ ಜೋಡಿಸುವ ಹಂಬಲ ಮುಂದೆ ಬಂತು.

ಏರುವ ವಿದ್ಯೆ

ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಹಗುರವಾಗಿ ಉರುಳುತ್ತದೆ. ರೈಲಿನ ಬಲ ಇರುವುದು ಅಲ್ಲೇ. ಅದರ ದೌರ್ಬಲ್ಯವೂ ಅಲ್ಲೇ. ಹಿಡಿತ ಕಡಿಮೆಯಾದ್ದರಿಂದ ಕಡಿದಾದ ಏರನ್ನು ಅದು ಹತ್ತಲಾರದು. ನಲವತ್ತು ಅಡಿ ಮುಂದೆ ಹೋದರೆ ಒಂದಡಿ ಮೇಲೇರುವುದೇ ರೈಲಿಗೆ ದೊಡ್ಡ ಏರು. ಹಾಗಾದರೆ ಗೋಡೆಯಂತೆ ನಿಂತ ಬೆಟ್ಟವನ್ನು ಏರುವುದು ಹೇಗೆ? ದಾರಿಯನ್ನು ಉದ್ದ ಮಾಡಬೇಕು, ಅಷ್ಟೆ.

ಟೆಮೊರಿಸ್ ಎಂಬಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಹಳಿ ಕಣಿವೆಯ ಒಂದು ಬದಿಯಲ್ಲಿ ಏರುತ್ತಾ ಹೋಗಿ, ಸೇತುವೆಯ ಮೇಲೆ ಇನ್ನೊಂದು ಬದಿಗೆ ದಾಟಿ, ಸುಮಾರು ಒಂದು ಕಿಲೋಮೀಟರಿನ ಸುರಂಗದೊಳಗೆ ಪೂರ್ತಿ ಹಿಂದಕ್ಕೆ ತಿರುಗಿ, ಮತ್ತೂ ಮೇಲಿನ ಮಟ್ಟದಲ್ಲಿ ಹೊರಬರುತ್ತದೆ. ನಿಂತು ನೋಡಿದರೆ ಒಂದೇ ಹಳಿ ಮೂರು ಅಂತಸ್ತಿನಲ್ಲಿ ಕಾಣುತ್ತದೆ. ಎಲ್ ಲಾಸೊ ಎಂಬಲ್ಲಿ ದಾರಿ ಪೂರ್ತಿ ಒಂದು ಸುತ್ತು ಹಾಕಿ ತನ್ನನ್ನೇ ತಾನು ದಾಟುತ್ತದೆ. ಫ್ವೆರ್ತೆ ನದಿಯ ಸೇತುವೆ ಸುಮಾರು ಅರ್ಧ ಕಿಲೋಮೀಟರ್ ಉದ್ದ. ಚಿನಿಪಾಸ್ ನದಿಯ ಸೇತುವೆ ಸುಮಾರು ನೂರು ಮೀಟರ್ ಎತ್ತರ. 1961ರ ನವೆಂಬರ್ 24ರಂದು ಅಧ್ಯಕ್ಷ ಅಡೋಲ್ಫೊ ಲೋಪೆಸ್ ಮಾಟೆಯೋಸ್ ಈ ಮಾರ್ಗವನ್ನು ಉದ್ಘಾಟಿಸಿದರು. ಸುರಂಗಗಳನ್ನು ಕೊರೆದದ್ದು ಮೆಕ್ಸಿಕೊದ ಇಂಜಿನಿಯರುಗಳು ಮತ್ತು ಕಾರ್ಮಿಕರು. ಅವರ ಸಾಧನೆ ಯಾವ ದೇಶದ ವಿದ್ಯಾರ್ಥಿಯಾದರೂ ಗೌರವಿಸಬೇಕಾದದ್ದು.

ಚೌಕಟ್ಟಿನ ಹೊರಗೆ

ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಸೇತುವೆಯ ಮೇಲೆ ರೈಲು ಸಾಗುವ ದೃಶ್ಯ ನೋಡುಗರ ಮನ ಸೆಳೆಯುತ್ತದೆ. ಆದರೆ ಆ ರೈಲು ಏನನ್ನು ಹೊತ್ತು ಹೋಯಿತು ಎಂಬುದು ಆ ದೃಶ್ಯದಲ್ಲಿ ಇರುವುದಿಲ್ಲ. ಏಷ್ಯಾದ ರೇಷ್ಮೆಗಾಗಿ ಕನಸಿದ ರೈಲು ಹೊತ್ತ ಸರಕುಗಳಲ್ಲಿ ಮುಖ್ಯವಾದದ್ದು ಕಣಿವೆ ಸೀಮೆಯ ಮರ. ಹಳಿ ಬಂದ ಕಡೆ ಗರಗಸವೂ ಬಂತು.

ಈ ಪರ್ವತಗಳ ಹಳೆಯ ಪೈನ್ ಕಾಡಿನಲ್ಲಿ 'ಇಂಪೀರಿಯಲ್ ಮರಕುಟಿಗ' ಎಂಬ ಹಕ್ಕಿ ಇತ್ತು. ಉದ್ದ ಸುಮಾರು 60 ಸೆಂಟಿಮೀಟರ್, ಪ್ರಪಂಚದ ಅತಿ ದೊಡ್ಡ ಮರಕುಟಿಗ. 1956ರಲ್ಲಿ ವಿಲಿಯಂ ರೈನ್ ಎಂಬ ದಂತವೈದ್ಯ ಇದೇ ಶ್ರೇಣಿಯ ದಕ್ಷಿಣಕ್ಕೆ, ಡುರಾಂಗೊ ರಾಜ್ಯದಲ್ಲಿ, ಹೇಸರಗತ್ತೆಯ ಮೇಲೆ ಕುಳಿತೇ 16 ಎಂ.ಎಂ. ಕ್ಯಾಮರಾದಲ್ಲಿ ಅದನ್ನು ಚಿತ್ರೀಕರಿಸಿದ. ಅಲುಗಾಡುವ ಆ 85 ಸೆಕೆಂಡಿನ ಚಿತ್ರವೇ ನಮಗೆ ಉಳಿದಿರುವುದು. ಆಮೇಲೆ ಆ ಹಕ್ಕಿಯನ್ನು ಖಚಿತವಾಗಿ ಕಂಡವರಿಲ್ಲ. ಸತ್ತು ನಿಂತ ಹಳೆಯ ಹೆಮ್ಮರಗಳು ಅದರ ಅನ್ನ. ಕಾಡು ಕಡಿದ ಮೇಲೆ ಅನ್ನ ಎಲ್ಲಿಂದ ಬರಬೇಕು?

ಕಾಡನ್ನು ಉಳಿಸಲು ಹೋರಾಡಿದವರೂ ಇದ್ದಾರೆ. ರರಾಮುರಿ ರೈತ ಇಸಿದ್ರೊ ಬಾಲ್ದೆನೆಗ್ರೊ ಅಕ್ರಮ ಮರಕಡಿತದ ವಿರುದ್ಧ ಶಾಂತಿಯುತವಾಗಿ ಜನರನ್ನು ಸಂಘಟಿಸಿದರು. ಅದೇ ಕಾರಣಕ್ಕೆ ಅವರ ತಂದೆ 1986ರಲ್ಲಿ ಕೊಲೆಯಾಗಿದ್ದರು. 2005ರಲ್ಲಿ ಇಸಿದ್ರೊ ಅವರಿಗೆ ಅಂತರರಾಷ್ಟ್ರೀಯ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. 2017ರ ಜನವರಿಯಲ್ಲಿ ಅವರನ್ನೂ ಗುಂಡಿಟ್ಟು ಕೊಂದರು. ಮಾದಕವಸ್ತು ದಂಧೆಯ ಗುಂಪುಗಳ ನೆರಳೂ ಈ ಬೆಟ್ಟಗಳ ಮೇಲಿದೆ. 2022ರ ಜೂನ್ 20ರಂದು, ರೈಲುದಾರಿಗೆ ಸಮೀಪದ ಸೆರೊಕಾವಿ ಎಂಬ ಹಳ್ಳಿಯಲ್ಲಿ, ಪ್ರವಾಸಿ ಮಾರ್ಗದರ್ಶಿಯೊಬ್ಬರು ಪ್ರಾಣಭಯದಿಂದ ಚರ್ಚಿನೊಳಗೆ ಆಶ್ರಯ ಪಡೆದರು. ಅಲ್ಲೇ ಅವರನ್ನೂ, ಅಡ್ಡ ಬಂದ ಇಬ್ಬರು ವೃದ್ಧ ಪಾದ್ರಿಗಳನ್ನೂ ಕೊಲ್ಲಲಾಯಿತು. ಕಣಿವೆಯ ಸೊಬಗನ್ನು ನಮಗೆ ತೋರಿಸುವ ಮಾರ್ಗದರ್ಶಿಯ ಬದುಕು ಎಷ್ಟು ತೆಳ್ಳಗಿನ ಹಗ್ಗದ ಮೇಲಿದೆ ನೋಡಿ.

ಹಾಗೆಂದು ರೈಲು ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. 1990ರ ದಶಕದ ಕೊನೆಯಲ್ಲಿ ಮೆಕ್ಸಿಕೊದ ರೈಲುಗಳು ಖಾಸಗಿಯವರ ಕೈಸೇರಿದ ಮೇಲೆ ದೂರಪ್ರಯಾಣದ ಜನಗಾಡಿಗಳು ಬಹುತೇಕ ನಿಂತುಹೋದವು. ಚೆಪೆ ಮಾತ್ರ ಉಳಿಯಿತು. ಉಳಿಸಿದ್ದು ಪ್ರವಾಸಿಗರ ಹಣ ಮತ್ತು ಒಳ್ಳೆಯ ರಸ್ತೆ ಇಲ್ಲದ ಹಳ್ಳಿಗಳ ಅಗತ್ಯ, ಇವೆರಡೂ. ರೋಗಿಯನ್ನು ಆಸ್ಪತ್ರೆಗೆ, ಬೆಳೆಯನ್ನು ಸಂತೆಗೆ ಒಯ್ಯಲು ಕಣಿವೆಯ ಎಷ್ಟೋ ಜನರಿಗೆ ಈ ಹಳಿಯೇ ಆಧಾರವಾಯಿತು. ಡಿವಿಸಾಡೆರೊ ನಿಲ್ದಾಣದಲ್ಲಿ ರರಾಮುರಿ ಹೆಂಗಸರು ಪೈನ್ ಎಲೆಯ ಬುಟ್ಟಿ ಹೆಣೆದು ಮಾರುತ್ತಾರೆ. 2018ರಲ್ಲಿ ಪ್ರವಾಸಿಗರಿಗೆಂದೇ ಬೇರೆ ಐಷಾರಾಮಿ ಗಾಡಿ ಬಂತು. ಒಂದೇ ಹಳಿ, ಎರಡು ಬಗೆಯ ಪ್ರಯಾಣಿಕರು.

ಈಗ ನಮ್ಮ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬಹುದು. 89 ವರ್ಷ ಹಿಡಿದದ್ದು ಬೆಟ್ಟದ ಕಾರಣಕ್ಕೆ ಮಾತ್ರವಲ್ಲ. ಲಾಭದ ಲೆಕ್ಕ ತಪ್ಪಿದಾಗಲೆಲ್ಲ ಕೆಲಸ ನಿಂತಿತು, ದೇಶ ತನ್ನದೆಂದು ಹೊತ್ತುಕೊಂಡಾಗ ಮುಗಿಯಿತು. ಇನ್ನು, ಯಾರಿಗಾಗಿ? ಓವೆನ್, ಸ್ಟಿಲ್‌ವೆಲ್, ಸರ್ಕಾರ, ಪ್ರವಾಸಿ, ಎಲ್ಲರಿಗೂ ಒಂದೊಂದು ಉತ್ತರವಿತ್ತು. ಆ ದಾರಿ ಹಾದುಹೋದ ನೆಲದ ರರಾಮುರಿಗಳನ್ನು ಆ 89 ವರ್ಷಗಳಲ್ಲಿ ಯಾರೂ ಈ ಪ್ರಶ್ನೆ ಕೇಳಲಿಲ್ಲ.

ನಿಮ್ಮಲ್ಲಿ ಕೆಲವರು ನಾಳೆ ಇಂಜಿನಿಯರುಗಳಾಗುತ್ತೀರಿ, ಕೆಲವರು ಅಧಿಕಾರಿಗಳಾಗುತ್ತೀರಿ. ಭೂಪಟದ ಮೇಲೆ ಗೆರೆ ಎಳೆಯುವ ಪೆನ್ಸಿಲ್ ನಿಮ್ಮ ಕೈಗೆ ಬಂದ ದಿನ, ಆ ಗೆರೆಯ ಕೆಳಗೆ ಯಾರ ಮನೆ ಇದೆ ಎಂದು ಮೊದಲು ಹೋಗಿ ನೋಡಿಬನ್ನಿ.