ಪ್ರೊಸೆಸರ್‌ನ ಅತಿತಾಪ

ಪ್ರೊಸೆಸರ್‌ನ ಅತಿತಾಪ ಎಂದರೆ ಗಣಕಯಂತ್ರದ ಪ್ರೊಸೆಸರ್ ತನ್ನಲ್ಲಿ ಉತ್ಪತ್ತಿಯಾದ ಶಾಖವನ್ನು ಸಾಕಷ್ಟು ಬೇಗ ಹೊರಹಾಕಲಾಗದೆ, ತಯಾರಕರು ನಿಗದಿಪಡಿಸಿದ ಉಷ್ಣತೆಯ ಮಿತಿಯನ್ನು ತಲುಪುವ ಸ್ಥಿತಿ. ಅನೇಕ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಈ ಮಿತಿ ಸುಮಾರು 100 ಡಿಗ್ರಿ ಸೆಲ್ಸಿಯಸ್. ಧೂಳು ಇದಕ್ಕೆ ಎಲ್ಲರೂ ಬಲ್ಲ ಕಾರಣ. ಆದರೆ ಧೂಳನ್ನು ತೆಗೆದ ಮೇಲೆಯೇ ಯಂತ್ರವು ಮೊದಲಿಗಿಂತ ಹೆಚ್ಚು ಕಾಯುವುದೂ ಉಂಟು. ಪ್ರೊಸೆಸರ್ ಕೆಟ್ಟಿತೆಂದು ಭಾವಿಸಿ ಅದನ್ನೋ ಮದರ್‌ಬೋರ್ಡನ್ನೋ ಬದಲಿಸಲು ಮುಂದಾಗುವವರಿದ್ದಾರೆ. ಇಂಥ ಪ್ರಸಂಗಗಳಲ್ಲಿ ದೋಷವಿರುವುದು ಸಾಮಾನ್ಯವಾಗಿ ಪ್ರೊಸೆಸರ್ ಮತ್ತು ಹೀಟ್ ಸಿಂಕ್ ಒಂದನ್ನೊಂದು ಮುಟ್ಟುವ ಜಾಗದಲ್ಲಿ.

ಶಾಖದ ಮಾರ್ಗ

ಪ್ರೊಸೆಸರ್‌ನ ಶಾಖವು ಅದರ ಲೋಹದ ಮುಚ್ಚಳದಿಂದ ಹೀಟ್ ಸಿಂಕ್‌ನ ತಳಕ್ಕೆ, ಅಲ್ಲಿಂದ ತೆಳುವಾದ ಲೋಹದ ರೆಕ್ಕೆಗಳಿಗೆ ಹರಿಯುತ್ತದೆ. ಫ್ಯಾನ್ ಬೀಸುವ ಗಾಳಿ ಅದನ್ನು ಹೊರಗೆ ಒಯ್ಯುತ್ತದೆ. ಎರಡು ಲೋಹದ ಮೇಲ್ಮೈಗಳು ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಅವುಗಳಲ್ಲಿ ಸೂಕ್ಷ್ಮವಾದ ಉಬ್ಬುತಗ್ಗುಗಳಿದ್ದು, ನಡುವೆ ಗಾಳಿ ಉಳಿಯುತ್ತದೆ. ತಾಮ್ರದ ಉಷ್ಣವಾಹಕತೆ ಪ್ರತಿ ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್. ಗಾಳಿಯದು ಕೇವಲ 0.026. ಈ ಸಂದುಗಳನ್ನು ತುಂಬಲೆಂದೇ ಥರ್ಮಲ್ ಪೇಸ್ಟ್ ಬಳಸಲಾಗುತ್ತದೆ.

ಪೇಸ್ಟ್‌ನ ಮಹತ್ವವು ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. 65 ವ್ಯಾಟ್ ಶಾಖವು 3 ಸೆಂ.ಮೀ. ಉದ್ದಗಲದ ಚೌಕದ ಮೂಲಕ 0.1 ಮಿ.ಮೀ. ದಪ್ಪದ ಪದರವನ್ನು ದಾಟಬೇಕೆಂದು ಭಾವಿಸೋಣ. ಆ ಪದರವು 4 ವ್ಯಾಟ್ ವಾಹಕತೆಯ ಪೇಸ್ಟ್ ಆಗಿದ್ದರೆ ಎರಡು ಬದಿಗಳ ಉಷ್ಣತೆಯ ಅಂತರ 2 ಡಿಗ್ರಿಗಿಂತ ಕಡಿಮೆ; ಬರೀ ಗಾಳಿಯಾಗಿದ್ದರೆ 270 ಡಿಗ್ರಿಗೂ ಹೆಚ್ಚು. ವಾಸ್ತವದಲ್ಲಿ ಲೋಹಗಳು ಅಲ್ಲಲ್ಲಿ ಪರಸ್ಪರ ತಾಗಿರುವುದರಿಂದ ಅಂತರ ಅಷ್ಟಾಗದು. ಆದರೂ ಕೂದಲೆಳೆಯಷ್ಟು ಸಂದು ಏನು ಮಾಡಬಲ್ಲದೆಂಬುದಕ್ಕೆ ಈ ಲೆಕ್ಕ ಸಾಕು.

ಶುಚಿಗೊಳಿಸಿದ ನಂತರದ ಅತಿತಾಪ

ಧೂಳು ತೆಗೆಯುವಾಗ ಹೀಟ್ ಸಿಂಕನ್ನು ಬಿಚ್ಚಿದರೆ ಅಥವಾ ಬಲವಾಗಿ ಅಲುಗಾಡಿಸಿದರೆ ಹಳೆಯ ಪೇಸ್ಟ್‌ನ ಪದರ ಒಡೆಯುತ್ತದೆ. ವರ್ಷಗಳ ಬಿಸಿಗೆ ಒಣಗಿ ಗಟ್ಟಿಯಾದ ಪೇಸ್ಟ್, ಕದಲಿಸದಿದ್ದರೆ ಹೇಗೋ ಕೆಲಸ ಮಾಡುತ್ತಿರುತ್ತದೆ. ಒಮ್ಮೆ ಒಡೆದ ಮೇಲೆ ಮತ್ತೆ ಕೂಡಿಕೊಳ್ಳದು. ಆದುದರಿಂದ ಹೀಟ್ ಸಿಂಕನ್ನು ಎತ್ತಿದಾಗಲೆಲ್ಲ ಹೊಸ ಪೇಸ್ಟ್ ಹಚ್ಚಬೇಕಾಗುತ್ತದೆ.

ಮತ್ತೊಂದು ಕಾರಣ ಹಿಡಿಕೆಗಳು. 2004ರಲ್ಲಿ ಬಂದ ಎಲ್‌ಜಿಎ 775 ಸಾಕೆಟ್‌ನಿಂದ ಮೊದಲ್ಗೊಂಡು ಇಂಟೆಲ್‌ನ ಅನೇಕ ಹೀಟ್ ಸಿಂಕ್‌ಗಳು ನಾಲ್ಕು ಪ್ಲಾಸ್ಟಿಕ್ ಗೂಟಗಳ ಮೇಲೆ ನಿಲ್ಲುತ್ತವೆ. ಬಿಚ್ಚುವಾಗ ಗೂಟಗಳ ತಲೆಯನ್ನು ಬಾಣದ ಗುರುತಿನತ್ತ ಕಾಲು ಸುತ್ತು ತಿರುಗಿಸಿ ಮೇಲೆಳೆಯಬೇಕು. ಕೂರಿಸುವ ಮುನ್ನ ಅವನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿ, ಎದುರುಬದಿರಿನ ಮೂಲೆಗಳನ್ನು ಜೋಡಿಯಾಗಿ ಒತ್ತಬೇಕು. ನಾಲ್ಕರಲ್ಲಿ ಒಂದೇ ಒಂದು ಸರಿಯಾಗಿ ಕಚ್ಚಿಕೊಳ್ಳದಿದ್ದರೂ ಹೀಟ್ ಸಿಂಕ್ ಒಂದು ಮೂಲೆಯಲ್ಲಿ ಎದ್ದು ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಇದು ಕಾಣಿಸದು. ಮದರ್‌ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ಗೂಟಗಳ ತುದಿ ಹೊರಬಂದಿವೆಯೇ ಎಂದು ನೋಡುವುದೇ ಖಚಿತವಾದ ಪರೀಕ್ಷೆ. ಫ್ಯಾನ್‌ನ ತಂತಿಯನ್ನು ಜೋಡಿಸಲು ಮರೆಯುವುದು, ಬೇರೆ ಕೊಂಡಿಗೆ ಸಿಕ್ಕಿಸುವುದು, ತಂತಿಯೇ ರೆಕ್ಕೆಗಳಿಗೆ ಅಡ್ಡ ಬರುವುದು ಉಳಿದ ಕಾರಣಗಳು.

ದೋಷದ ಪತ್ತೆ

ಬಯೋಸ್‌ನ ಪರದೆಯಲ್ಲಿ ಪ್ರೊಸೆಸರ್‌ನ ಉಷ್ಣತೆಯನ್ನೂ ಫ್ಯಾನ್‌ನ ವೇಗವನ್ನೂ ಕಾಣಬಹುದು. ಯಂತ್ರವನ್ನು ಚಾಲೂ ಮಾಡಿದ ಕೆಲವೇ ಕ್ಷಣಗಳಲ್ಲಿ ಉಷ್ಣತೆ 80–90 ಡಿಗ್ರಿಗೆ ಜಿಗಿದರೆ ಸ್ಪರ್ಶದ ದೋಷವನ್ನು ಶಂಕಿಸಬೇಕು. ಹತ್ತು ಹದಿನೈದು ನಿಮಿಷಗಳಲ್ಲಿ ನಿಧಾನವಾಗಿ ಏರಿದರೆ ಗಾಳಿಯ ಹರಿವು ಸಾಲದಾಗಿರುವ ಸಂಭವವೇ ಹೆಚ್ಚು. ಪರದೆಯ ಮೇಲೆ 90 ಡಿಗ್ರಿ ಇದ್ದು ಹೀಟ್ ಸಿಂಕ್ ತಣ್ಣಗಿದ್ದರೆ ಶಾಖವು ಅದನ್ನು ತಲುಪುತ್ತಲೇ ಇಲ್ಲವೆಂದರ್ಥ. ಕೋಣೆಯ ಉಷ್ಣತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಅದೇ ಯಂತ್ರ 25 ಡಿಗ್ರಿಯ ಕೋಣೆಗಿಂತ ಹೆಚ್ಚುಕಡಿಮೆ 15 ಡಿಗ್ರಿಯಷ್ಟು ಹೆಚ್ಚು ತೋರಿಸಿದರೆ ಅದು ದೋಷವಲ್ಲ.

ಪೇಸ್ಟ್ ಬದಲಾವಣೆ

ವಿದ್ಯುತ್ ಸಂಪರ್ಕವನ್ನು ಸಂಪೂರ್ಣವಾಗಿ ಕಡಿದ ನಂತರವೇ ಕೆಲಸ ಆರಂಭಿಸಬೇಕು. ಹಳೆಯ ಪೇಸ್ಟನ್ನು ಎಳೆ ಬಿಡದ ಬಟ್ಟೆ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಎರಡೂ ಮೇಲ್ಮೈಗಳಿಂದ ಒರೆಸಿ, ಆರಿದ ಮೇಲೆ ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಹೀಟ್ ಸಿಂಕನ್ನು ನೇರವಾಗಿ ಇಳಿಸಿ ಒತ್ತಬೇಕು. ಪೇಸ್ಟ್ ಇರುವುದು ಸಂದು ತುಂಬಲು. ದಪ್ಪನಾಗಿ ಮೆತ್ತಿದರೆ ಅದೇ ತಡೆಯಾಗುತ್ತದೆ. ಹಲ್ಲುಜ್ಜುವ ಪೇಸ್ಟ್ ಹಚ್ಚುವ ಉಪಾಯವೊಂದು ಪ್ರಚಾರದಲ್ಲಿದೆ. ಅದರ ನೀರಿನಂಶ ಆರುವವರೆಗೆ ಮಾತ್ರ ಅದು ಕೆಲಸ ಮಾಡೀತು. ಎಎಮ್‌4 ಮಾದರಿಯ ಎಎಮ್‌ಡಿ ಪ್ರೊಸೆಸರ್‌ಗಳಲ್ಲಿ ವಿಶೇಷ ಎಚ್ಚರ ಅಗತ್ಯ: ಒಣಗಿದ ಪೇಸ್ಟ್‌ಗೆ ಅಂಟಿಕೊಂಡ ಪ್ರೊಸೆಸರ್, ಹೀಟ್ ಸಿಂಕ್‌ನ ಜೊತೆಯಲ್ಲೇ ಸಾಕೆಟ್‌ನಿಂದ ಕಿತ್ತುಬಂದು ಅದರ ಸೂಜಿಗಳು ಬಾಗಬಹುದು. ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ ಪೇಸ್ಟ್ ಮೆತ್ತಗಾದ ಮೇಲೆ ಆರಿಸಿ, ಹೀಟ್ ಸಿಂಕನ್ನು ಮೆಲ್ಲನೆ ಅತ್ತಿತ್ತ ತಿರುಗಿಸಿ ಬಿಡಿಸುವುದು ರೂಢಿ.

ರಕ್ಷಣಾ ವ್ಯವಸ್ಥೆ

2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣವು ಚಾಲನೆಯಲ್ಲಿದ್ದ ಪ್ರೊಸೆಸರ್‌ಗಳ ಹೀಟ್ ಸಿಂಕನ್ನು ಕಿತ್ತು ಪರೀಕ್ಷಿಸಿತು. ಪೆಂಟಿಯಮ್ 4 ವೇಗ ತಗ್ಗಿಸಿಕೊಂಡು ಉಳಿಯಿತು. ಎಎಮ್‌ಡಿಯ ಅಥ್ಲಾನ್‌ಗಳು ಸುಟ್ಟುಹೋದವು. ಇಂದಿನ ಪ್ರೊಸೆಸರ್‌ಗಳು ಬಿಸಿಯೇರಿದಾಗ ಮೊದಲು ವೇಗ ಇಳಿಸುತ್ತವೆ, ಅದೂ ಸಾಲದಿದ್ದರೆ ಯಂತ್ರವನ್ನೇ ಆರಿಸುತ್ತವೆ. ಹೀಗಾಗಿ ಅತಿತಾಪದ ಮೊದಲ ಲಕ್ಷಣ ಯಂತ್ರ ನಿಧಾನವಾಗುವುದು. ಇದನ್ನು ವೈರಸ್‌ನ ಕಾಟವೆಂದು ತಿಳಿಯುವವರೇ ಬಹಳ.

ಲ್ಯಾಪ್‌ಟಾಪ್‌ಗಳಲ್ಲಿ

ಲ್ಯಾಪ್‌ಟಾಪ್‌ನಲ್ಲಿ ಧೂಳು ಫ್ಯಾನ್ ಮತ್ತು ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಪ್ಪುಗಟ್ಟುತ್ತದೆ. ಹೊರಗಿನಿಂದ ಗಾಳಿ ಊದಿದರೆ ಅದು ಒಳಕ್ಕೇ ಸರಿಯಬಹುದು. ಊದುವಾಗ ಫ್ಯಾನ್ ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಕೆಡದಂತೆ ರೆಕ್ಕೆಯನ್ನು ಹಿಡಿದಿಟ್ಟುಕೊಳ್ಳಬೇಕು. ಹೀಟ್ ಸಿಂಕ್‌ನ ತಿರುಪುಗಳ ಪಕ್ಕದಲ್ಲಿ ಅನೇಕ ತಯಾರಕರು ಅಂಕಿಗಳನ್ನು ಮುದ್ರಿಸಿರುತ್ತಾರೆ. ಬಿಗಿಯುವಾಗ ಆ ಕ್ರಮವನ್ನೇ ಅನುಸರಿಸಬೇಕು. ಪಕ್ಕದ ಚಿಪ್‌ಗಳ ಮೇಲಿರುವ ಮೆತ್ತನೆಯ ಥರ್ಮಲ್ ಪ್ಯಾಡ್ ಹರಿದರೆ ಅದೇ ದಪ್ಪದ ಪ್ಯಾಡನ್ನೇ ಹಾಕಬೇಕು. ದಪ್ಪ ಹೆಚ್ಚಾದರೆ ಹೀಟ್ ಸಿಂಕ್ ಎತ್ತರದಲ್ಲೇ ನಿಂತು ಪ್ರೊಸೆಸರನ್ನು ಮುಟ್ಟುವುದಿಲ್ಲ.