ಜಂತುಹುಳು ಚಿಕಿತ್ಸೆ

ಜಂತುಹುಳು ಚಿಕಿತ್ಸೆ: ರೋಗನಿರೋಧಕ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬಿದ್ದಾಗ ಬರುವ ಸ್ವಯಂನಿರೋಧಕ ರೋಗಗಳನ್ನು ಹತೋಟಿಗೆ ತರಲು, ರೋಗಿಯ ದೇಹಕ್ಕೆ ಬೇಕೆಂದೇ ಹುಳುಗಳನ್ನು ಸೇರಿಸುವ ಪ್ರಾಯೋಗಿಕ ವಿಧಾನ. ಇನ್ನೂ ಅಂಗೀಕೃತ ಚಿಕಿತ್ಸೆಯಾಗಿಲ್ಲ.

ಹುಳು ಕರುಳಿನಲ್ಲಿ ವರ್ಷಗಟ್ಟಲೆ ಬದುಕಬೇಕಾದರೆ ಆಶ್ರಯ ಕೊಟ್ಟ ದೇಹ ಕೆರಳಬಾರದು. ಅದಕ್ಕಾಗಿ ಹುಳು ಉರಿಯೂತ ತಗ್ಗಿಸುವ ವಸ್ತುಗಳನ್ನು ಸ್ರವಿಸುತ್ತದೆ. ನಿಯಂತ್ರಕ ಟಿ-ಕೋಶಗಳೂ ಇಂಟರ್‌ಲ್ಯೂಕಿನ್-10 ಎಂಬ ಸಂದೇಶವಾಹಕವೂ ಹೆಚ್ಚುತ್ತವೆ. ಈ ಶಮನ ಕೀಲುವಾತಕ್ಕೂ ಕರುಳುರಿಗೂ ಒದಗೀತೆಂಬುದು ಚಿಕಿತ್ಸೆಯ ಹಿಂದಿನ ತರ್ಕ.

ಇದಕ್ಕೆ ಗಮನಾರ್ಹ ಸುಳಿವುಗಳು ಭಾರತದಲ್ಲೇ ಸಿಕ್ಕಿವೆ. ಆನೆಕಾಲು ರೋಗದ ಹುಳು ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಕಡೆಯಂತೆ ತಮಿಳುನಾಡು, ಒಡಿಶಾಗಳಲ್ಲೂ ಬೇರುಬಿಟ್ಟಿತ್ತು. 2010ರಲ್ಲಿ ಪ್ರಕಟವಾದ ಚೆನ್ನೈ ಅಧ್ಯಯನದಲ್ಲಿ, ಸ್ವಯಂನಿರೋಧಕ ರೋಗವಾದ ಟೈಪ್-1 ಮಧುಮೇಹವಿದ್ದು ಪರೀಕ್ಷೆಗೊಳಗಾದವರಲ್ಲಿ ಈ ಸೋಂಕು ಕಾಣಲಿಲ್ಲ. 2013ರ ಒಡಿಶಾ ಅಧ್ಯಯನದಲ್ಲಿ ರುಮಟಾಯ್ಡ್ ಸಂಧಿವಾತದವರಲ್ಲೂ ಹಾಗೆಯೇ. ಆದರೆ ಆಯಾ ಪ್ರದೇಶದ ಆರೋಗ್ಯವಂತರಲ್ಲಿ ಸೋಂಕು ಸಾಕಷ್ಟಿತ್ತು. ಹುಳುವೇ ರೋಗವನ್ನು ತಡೆಯಿತೆಂದು ಇಷ್ಟರಿಂದ ಹೇಳಲಾಗದು.

ಅಮೆರಿಕದ ಅಯೋವ ವಿಶ್ವವಿದ್ಯಾಲಯದ ಜೋಯೆಲ್ ವೈನ್‌ಸ್ಟಾಕ್ ಮತ್ತು ಸಂಗಡಿಗರು ಚಿಕಿತ್ಸೆಗೆ ಆರಿಸಿಕೊಂಡದ್ದು ಹಂದಿಯ ಚಾಟಿಹುಳು. ಅದು ಮನುಷ್ಯನಲ್ಲಿ ಬಹುಕಾಲ ನೆಲೆಸದು. ಹಾಗಾಗಿ ಅದರ ಮೊಟ್ಟೆಗಳನ್ನು ಮತ್ತೆ ಮತ್ತೆ ಕುಡಿಸಬೇಕು. ಮೂರು ವಾರಕ್ಕೊಮ್ಮೆ 2500 ಮೊಟ್ಟೆ ನುಂಗಿದ 29 ಕ್ರೋನ್ಸ್ (ಒಂದು ಬಗೆಯ ಕರುಳುರಿ) ರೋಗಿಗಳಲ್ಲಿ ಹೆಚ್ಚಿನವರು ಸುಧಾರಿಸಿದರೆಂಬ 2005ರ ವರದಿ ಭಾರಿ ಆಸೆ ಹುಟ್ಟಿಸಿತು. ಹೋಲಿಕೆಗೆ ಬೇರೆ ಗುಂಪನ್ನೇ ಇಟ್ಟುಕೊಳ್ಳದ ಪ್ರಯೋಗವದು. 2013ರಲ್ಲಿ ಅದೇ ಮೊಟ್ಟೆಗಳ ದೊಡ್ಡ ಪ್ರಯೋಗ ಸೋತಿತು. ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನಲ್ಲಿ 71 ಮಲ್ಟಿಪಲ್ ಸ್ಕ್ಲೆರೋಸಿಸ್ (ಮಿದುಳು-ನರಗಳ ಸ್ವಯಂನಿರೋಧಕ ರೋಗ) ರೋಗಿಗಳ ಪೈಕಿ ಒಂದು ಗುಂಪಿಗೆ 25 ಕೊಕ್ಕೆಹುಳು ಮರಿಗಳನ್ನು ಚರ್ಮದ ಮೂಲಕ ಸೇರಿಸಲಾಯಿತು. ನಿಯಂತ್ರಕ ಕೋಶಗಳು ಹೆಚ್ಚಿದವು, ಮಿದುಳಿನ ಹೊಸ ಗಾಯಗಳಲ್ಲಿ ಮಾತ್ರ ಖಚಿತ ವ್ಯತ್ಯಾಸ ಕಾಣಲಿಲ್ಲ.

ಕರ್ನಾಟಕದ ಬುಕ್ಕಾಂಬುಧಿ, ಅಜ್ಜಂಪುರ, ತರೀಕೆರೆ ಕಡೆಯವರಿಗೆ ಪರಿಚಿತವಾದದ್ದು ಇದರ ತದ್ವಿರುದ್ಧ ಚಿತ್ರ. ತೇವದ ಮಣ್ಣಿನಲ್ಲಿ ಬರಿಗಾಲಲ್ಲಿ ದುಡಿಯುವವರ ಪಾದ ಕೊರೆದು ಒಳಹೋಗುವ ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಇಂಥ ಹುಳುಗಳನ್ನು ಹೊರಹಾಕಲೆಂದೇ 2015ರಿಂದ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ 400 ಮಿ.ಗ್ರಾಂ ಅಲ್ಬೆಂಡಜೋಲ್ ಮಾತ್ರೆ ಚೀಪಿಸುತ್ತಾರೆ. ಒಂದರಿಂದ ಎರಡು ವರ್ಷದವರಿಗೆ ಅರ್ಧ. ರಕ್ತಹೀನತೆ ಇಷ್ಟು ಹರಡಿರುವಲ್ಲಿ ಹುಳು ಉಳಿಸಿಕೊಳ್ಳಿ ಎನ್ನುವುದು ಅವಿವೇಕವೇ ಸರಿ.

ಈಗ ಸಂಶೋಧಕರ ಗಮನ ಹುಳುವಿಗಿಂತ ಅದು ಸ್ರವಿಸುವ ಪ್ರೋಟೀನುಗಳತ್ತ ಹೊರಳಿದೆ. ಸ್ವಂತವಾಗಿ ಮರಿಹುಳು ತರಿಸಿಕೊಳ್ಳುವುದು ಅಪಾಯಕರ. ಅದರೊಂದಿಗೆ ಬೇರೆ ಹುಳು ಬೆರೆತು ಬಂದರೆ ಕೇಡು: ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಸ್ಟ್ರಾಂಗಿಲಾಯ್ಡಿಸ್ ಎಂಬ ಇನ್ನೊಂದು ಜಂತು ಮೈಯೆಲ್ಲ ಹರಡಿ ಪ್ರಾಣ ತೆಗೆಯಬಲ್ಲದು.