ಜೈಲಿನಲ್ಲಿ ಹುಟ್ಟಿದ ಟ್ರೆಡ್‌ಮಿಲ್

ನಾಲ್ಕು ವರ್ಷದ ಹಿಂದಿನ ಮಾತು. ರಾತ್ರಿ ಒಂಬತ್ತರ ಚರ್ಚೆಗೆ ಇನ್ನೈದು ನಿಮಿಷ ಇತ್ತು. ಕೋಟಿನ ಗುಂಡಿ ಹಾಕೋಕೆ ಹೋದೆ, ಆಗಲಿಲ್ಲ. ಉಸಿರು ಬಿಗಿಹಿಡಿದು ನೋಡಿದೆ, ಊಹೂಂ. ಮೇಕಪ್ ಮಾಡುವ ಹುಡುಗ ಸಮಾಧಾನ ಹೇಳಿದ: "ಬಿಡಿ ಸಾರ್, ಟೇಬಲ್ ಅಡ್ಡ ಇರುತ್ತೆ, ಯಾರಿಗೂ ಕಾಣಲ್ಲ."

ಕ್ಯಾಮೆರಾಗೆ ಕಾಣಲ್ಲ, ಒಪ್ಪಿದೆ. ಆದರೆ ಹೃದಯಕ್ಕೆ?

ಆ ವಾರವೇ ಡಾಕ್ಟರು ಟಿಎಂಟಿ ಮಾಡಿಸಿದರು. ಎದೆಗೆ ವೈರ್ ಅಂಟಿಸಿ, ಓಡುವ ಬೆಲ್ಟಿನ ಮೇಲೆ ನಡೆಸುತ್ತಾರಲ್ಲ, ಅದು. ಏಳನೇ ನಿಮಿಷಕ್ಕೆ "ಸಾಕು ನಿಲ್ಲಿಸಿ" ಅಂತ ನಾನೇ ಕೈ ಎತ್ತಿದೆ. ತೂಕ 91 ಕೆಜಿ. "ಸದ್ಯಕ್ಕೆ ಏನೂ ತೊಂದರೆ ಇಲ್ಲ. ಆದರೆ ಹೀಗೇ ಕೂತು ಮಾತಾಡ್ತಾ ಇದ್ರೆ ತೊಂದರೆ ತಾನಾಗೇ ಬರುತ್ತೆ. ನಡೀರಿ" ಅಂದರು.

ಮನೆಗೊಂದು ಟ್ರೆಡ್‌ಮಿಲ್ ಬಂತು. ಮುಂದೇನಾಯ್ತು ಅಂತ ನಾನು ಹೇಳಬೇಕಾ? ಮೊದಲ ವಾರ ಮೆಷಿನ್ ಓಡಿತು. ತಿಂಗಳು ಕಳೆಯುವಷ್ಟರಲ್ಲಿ ಅದರ ಕಂಬಿಯ ಮೇಲೆ ಒದ್ದೆ ಟವೆಲ್ ಒಣಗುತ್ತಿತ್ತು. ಹೆಂಡತಿ ಕೇಳಿದ್ದಕ್ಕೆ, "ಇದು ವ್ಯಾಯಾಮ ಅಲ್ಲ ಮಾರಾಯ್ತಿ, ಶಿಕ್ಷೆ" ಅಂದುಬಿಟ್ಟೆ.

ಬಾಯಿಮಾತಿಗೆ ಹೇಳಿದ್ದು. ಆಮೇಲೆ ಈ ಯಂತ್ರದ ಇತಿಹಾಸ ಓದಿದಾಗ ಬೆಚ್ಚಿಬಿದ್ದೆ. ನಾನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಕಥೆ ಶುರುವಾಗೋದು ಇಂಗ್ಲೆಂಡಿನಲ್ಲಿ, ಸುಮಾರು ಇನ್ನೂರು ವರ್ಷದ ಹಿಂದೆ. ವಿಲಿಯಂ ಕ್ಯೂಬಿಟ್ ಅಂತ ಒಬ್ಬ ಎಂಜಿನಿಯರ್. ಹಿಟ್ಟಿನ ಗಿರಣಿ ನಡೆಸುವವನ ಮಗ. ಜೈಲಿನಲ್ಲಿ ಕೈದಿಗಳು ಸುಮ್ಮನೆ ಕೂತಿರುವುದು ಇವನ ಕಣ್ಣಿಗೆ ಬಿತ್ತು. ಇವರಿಗೆ ಕೆಲಸ ಕೊಟ್ಟರೆ ಹೇಗೆ ಅಂತ ಒಂದು ದೊಡ್ಡ ಚಕ್ರ ಮಾಡಿದ. ಚಕ್ರದ ಸುತ್ತ ಮೆಟ್ಟಿಲು. ಕೈದಿಗಳು ಸಾಲಾಗಿ ನಿಂತು, ಎದುರಿನ ಕಂಬಿ ಹಿಡಿದು ಹತ್ತಬೇಕು. ಅವರ ಭಾರಕ್ಕೆ ಚಕ್ರ ತಿರುಗುತ್ತೆ, ಮೆಟ್ಟಿಲು ಕೆಳಗೆ ಹೋಗುತ್ತೆ, ಮತ್ತೊಂದು ಮೆಟ್ಟಿಲು ಬರುತ್ತೆ. ಎಷ್ಟು ಹತ್ತಿದರೂ ಇದ್ದಲ್ಲೇ! 1821ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಜೈಲಿಗೆ ಇಂಥ ಚಕ್ರ ಬಂತು. ಮರುವರ್ಷ ಅಟ್ಲಾಂಟಿಕ್ ಸಾಗರ ದಾಟಿ ನ್ಯೂಯಾರ್ಕಿನ ಜೈಲಿಗೂ ಹೋಯಿತು.

ಕೆಲವು ಜೈಲುಗಳಲ್ಲಿ ಈ ಚಕ್ರ ಧಾನ್ಯ ಬೀಸುತ್ತಿತ್ತು, ನೀರೆತ್ತುತ್ತಿತ್ತು. ಹೆಸರಿನಲ್ಲಿ 'ಮಿಲ್' ಅಂತ ಇರುವುದು ಅದಕ್ಕೇ. ಇನ್ನು ಕೆಲವು ಕಡೆ ಏನನ್ನೂ ಬೀಸುತ್ತಿರಲಿಲ್ಲ. ಬರೀ ಗಾಳಿ! ದಿನವಿಡೀ ಬೆವರು ಸುರಿಸಿದರೂ ಒಂದು ಹಿಡಿ ಹಿಟ್ಟು ಬರಲ್ಲ ಅಂತ ಕೈದಿಗೆ ಗೊತ್ತಿತ್ತು. ಯೋಚನೆ ಮಾಡಿ, ಮನುಷ್ಯನನ್ನು ಮುರಿಯೋಕೆ ಇದಕ್ಕಿಂತ ಇನ್ನೇನು ಬೇಕು? ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಎತ್ತುಗಳಂತೆ ಎಣ್ಣೆ ಗಾಣಕ್ಕೆ ಹೂಡಿದ್ದು ಇದೇ ಬ್ರಿಟಿಷರು ಅನ್ನೋದನ್ನೂ ನೆನಪಿಟ್ಟುಕೊಳ್ಳಿ.

1895ರಲ್ಲಿ ಪ್ರಖ್ಯಾತ ಲೇಖಕ ಆಸ್ಕರ್ ವೈಲ್ಡ್‌ಗೆ ಎರಡು ವರ್ಷ ಕಠಿಣ ಶಿಕ್ಷೆ ಆಯಿತು. ಲಂಡನ್ನಿನ ನಾಟಕಮಂದಿರಗಳಲ್ಲಿ ಚಪ್ಪಾಳೆ ಗಿಟ್ಟಿಸಿದ ಆ ಮನುಷ್ಯನೂ ಜೈಲಿನಲ್ಲಿ ಈ ಚಕ್ರ ತುಳಿದ. ಅವನು ಬಿಡುಗಡೆಯಾದ ಮರುವರ್ಷ, 1898ರಲ್ಲಿ, ಬ್ರಿಟನ್ ಹೊಸ ಜೈಲು ಕಾಯ್ದೆ ತಂದಿತು. ಚಕ್ರದ ಶಿಕ್ಷೆ ಕೊನೆಯಾಯಿತು.

ಅಲ್ಲಿಗೆ ಕಥೆ ಮುಗೀಬೇಕಿತ್ತು. ಹಾಗಿದ್ರೆ ಅದು ನನ್ನ ಬೆಡ್‌ರೂಮಿಗೆ ಬಂದಿದ್ದು ಹೇಗೆ?

ಕೊಂಡಿ ಸಿಗೋದೂ ಜೈಲಿನಲ್ಲೇ. ಎಡ್ವರ್ಡ್ ಸ್ಮಿತ್ ಎಂಬ ವೈದ್ಯ 1850ರ ದಶಕದಲ್ಲಿ ಲಂಡನ್ನಿನ ಕೋಲ್ಡ್‌ಬಾತ್ ಫೀಲ್ಡ್ಸ್ ಜೈಲಿನ ಚಕ್ರದ ಮೇಲೆ ಉಸಿರಾಟವನ್ನು ಅಳೆದ. ಚಕ್ರ ತುಳಿಯುವವನು ಎಷ್ಟು ಗಾಳಿ ಎಳೆದುಕೊಳ್ತಾನೆ, ಎಷ್ಟು ಹೊರಗೆ ಬಿಡ್ತಾನೆ, ಮೈ ಎಷ್ಟು ಸವೆಯುತ್ತೆ ಅನ್ನೋದು ಅವನ ಪ್ರಶ್ನೆ. ಇವತ್ತು ನಾವು 'ಎಷ್ಟು ಕ್ಯಾಲೊರಿ ಬರ್ನ್ ಆಯ್ತು' ಅಂತ ಕೇಳ್ತೀವಲ್ಲ, ಆ ಲೆಕ್ಕದ ಬೇರು ಅಲ್ಲಿದೆ.

ಆಮೇಲೆ ಲಂಡನ್ನಿನ ಬಸ್ಸುಗಳು. ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್ ದಿನವಿಡೀ ಕೂತಿರ್ತಾನೆ. ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳೀತಾನೆ. ಹೃದಯದ ಕಾಯಿಲೆ ಯಾರಿಗೆ ಹೆಚ್ಚು? ಡ್ರೈವರಿಗೆ. ಆಮೇಲೆ ಅವರು ಯೂನಿಫಾರ್ಮ್ ಪ್ಯಾಂಟಿನ ಅಳತೆಯನ್ನೂ ತೆಗೆದು ನೋಡಿದರು. ಡ್ರೈವರುಗಳ ಸೊಂಟವೇ ದಪ್ಪ! ನನ್ನ ಕೋಟಿನ ಗುಂಡಿ ನೆನಪಾಯ್ತು. ಸ್ಟುಡಿಯೋದಲ್ಲಿ ಕೂರುವ ನಾನೂ ಡ್ರೈವರ್ ಜಾತಿಯವನೇ ಅಲ್ವಾ?

ಅದೇ ಹೊತ್ತಿಗೆ ಅಮೆರಿಕದ ಸಿಯಾಟಲ್‌ನಲ್ಲಿ ಹೃದ್ರೋಗ ತಜ್ಞ ರಾಬರ್ಟ್ ಬ್ರೂಸ್ ರೋಗಿಗಳನ್ನು ಮೋಟಾರಿನ ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ತೆಗೆಯುತ್ತಿದ್ದರು. ಮೂರು ನಿಮಿಷಕ್ಕೊಮ್ಮೆ ವೇಗ, ಏರು ಎರಡೂ ಹೆಚ್ಚುತ್ತೆ. ನಾನು ಏಳನೇ ನಿಮಿಷಕ್ಕೆ ಕೈ ಎತ್ತಿದೆನಲ್ಲ, ಆ ಪರೀಕ್ಷೆ ಅವರದ್ದೇ. 1968ರಲ್ಲಿ ಕೆನೆತ್ ಕೂಪರ್ ಎಂಬ ವಾಯುಪಡೆಯ ವೈದ್ಯರ 'ಏರೋಬಿಕ್ಸ್' ಪುಸ್ತಕ ಬಂತು. ಅದನ್ನು ಓದಿದ ಎಂಜಿನಿಯರ್ ವಿಲಿಯಂ ಸ್ಟಾಬ್, ಮನೆಯಲ್ಲಿ ಇಡಬಹುದಾದ ಕಡಿಮೆ ಬೆಲೆಯ ಟ್ರೆಡ್‌ಮಿಲ್ ತಯಾರಿಸಿದರು. ಅವರು 2012ರಲ್ಲಿ ತೀರಿಕೊಂಡಾಗ ವಯಸ್ಸು 96. 2007ರಲ್ಲಿ ಸುನೀತಾ ವಿಲಿಯಮ್ಸ್ ಬಾಹ್ಯಾಕಾಶ ನಿಲ್ದಾಣದ ಟ್ರೆಡ್‌ಮಿಲ್ ಮೇಲೆ ಬಾಸ್ಟನ್ ಮ್ಯಾರಥಾನನ್ನೇ ಓಡಿ ಮುಗಿಸಿದರು.

ಇದನ್ನೆಲ್ಲ ಓದಿದ ರಾತ್ರಿ ಟವೆಲ್ ತೆಗೆದೆ. ಯಾಕೆ ಗೊತ್ತಾ? ಕೈದಿಗೆ ಹೊಟ್ಟೆ ತುಂಬ ಊಟ ಇರಲಿಲ್ಲ, ಇಳಿಯುವ ಸ್ವಾತಂತ್ರ್ಯವೂ ಇರಲಿಲ್ಲ. ನನಗೆ ಎರಡೂ ಜಾಸ್ತಿಯಾಗಿತ್ತು.

ಲೆಕ್ಕ ಹಾಕಿದೆ. ನನ್ನಷ್ಟು ತೂಕದವನು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ 40 ನಿಮಿಷ ನಡೆದರೆ ಸುಮಾರು 200 ಕ್ಯಾಲೊರಿ ಖರ್ಚು. ಒಂದು ಕೆಜಿ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ. ಅಂದ್ರೆ ಒಂದು ಕೆಜಿಗೆ ಸುಮಾರು 40 ದಿನ. ಅದೂ ನಡೆದು ಬಂದ ಖುಷಿಗೆ ಮಸಾಲೆ ದೋಸೆ ಹೊಡೆಯದಿದ್ದರೆ! ಒಂದು ತಿಂಗಳಿಗೇ ಬಿಟ್ಟವನಿಗೆ ಏನು ಸಿಗುತ್ತೆ ಹೇಳಿ?

ದಿನಕ್ಕೆ 40 ನಿಮಿಷ, ವಾರಕ್ಕೆ ಆರು ದಿನ. ಕಂಬಿ ಹಿಡಿಯದೆ ನಡೆದೆ; ಹಿಡಿದರೆ ಮೈಭಾರ ಕಂಬಿಗೆ ಹೋಗುತ್ತೆ, ಪರದೆ ಮೇಲಿನ ಲೆಕ್ಕ ಸುಳ್ಳಾಗುತ್ತೆ. ರಾತ್ರಿ ಚರ್ಚೆ ಮುಗಿದ ಮೇಲೆ ತಿನ್ನುತ್ತಿದ್ದ ಬೋಂಡ, ಬಜ್ಜಿ ಬಿಟ್ಟೆ. ಮೊದಲ ತಿಂಗಳು ತಕ್ಕಡಿಯ ಮುಳ್ಳು ಅಲ್ಲಾಡಿದ್ದೂ ಅಷ್ಟಕ್ಕಷ್ಟೆ. ಹದಿನಾಲ್ಕು ತಿಂಗಳಾದ ಮೇಲೆ ತೂಕ 82. ಗುಂಡಿ ಬಿತ್ತು. ಎರಡನೇ ಸಲದ ಟಿಎಂಟಿಯಲ್ಲಿ ಹತ್ತನೇ ನಿಮಿಷ ದಾಟಿದೆ.

ಕೈದಿಯನ್ನು ಸೋಲಿಸಿದ್ದು ಚಕ್ರದ ಎತ್ತರ ಅಲ್ಲ. ನಾಳೆಯೂ ಇದೇ, ನಾಡಿದ್ದೂ ಇದೇ ಅನ್ನೋ ಬೇಸರ. ನನ್ನ ತೂಕ ಇಳಿಸಿದ್ದೂ ಅದೇ ನಾಳೆ, ಅದೇ ನಾಡಿದ್ದು. ವ್ಯತ್ಯಾಸ ಒಂದೇ. ಅವನನ್ನು ಹತ್ತಿಸಿದ್ದು ಕಾವಲುಗಾರ, ನಾನು ನಾನಾಗಿಯೇ ಹತ್ತುತ್ತೇನೆ.

ನಿಮ್ಮ ಮನೆಯ ಟ್ರೆಡ್‌ಮಿಲ್ ಮೇಲೂ ಟವೆಲ್ ಒಣಗ್ತಾ ಇದೆಯಾ? ಐವತ್ತು ದಾಟಿದ್ದರೆ, ಬಿಪಿ, ಶುಗರ್ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಆಮೇಲೆ ಟವೆಲ್ ತೆಗೀರಿ. ಈ ಪುಸ್ತಕ ಎಲ್ಲೂ ಹೋಗಲ್ಲ, ನಡೆದು ಬಂದು ಓದಿ.